ಗೌಡರ ಜೀಪಿಗೆ ಎಷ್ಟು ಬಲವಿತ್ತು

ತಾಯಂದಿರೇ, ಶರಣರೇ, ಇವತ್ತು ಹೇಳಬೇಕೆಂದಿದ್ದ ವಿಷಯವನ್ನು ಸ್ವಲ್ಪ ಬದಿಗಿಡುತ್ತೇನೆ. ನಿನ್ನೆ ಪ್ರವಚನ ಮುಗಿದ ಮೇಲೆ ಹಿರಿಯರೊಬ್ಬರು ನನ್ನ ಹತ್ತಿರ ಬಂದರು. "ಅಪ್ಪಾವ್ರ, ನಾ ಯಾರಿಗೂ ಮೋಸ ಮಾಡಿದಾವಲ್ಲ. ನನ್ನ ಬಗ್ಗೆ ನಾನ ಒಂದೀಟು ಹೆಚ್ಚಿಗಿ ಹೇಳ್ಕೊಂಡಿರಬೌದು, ಅಷ್ಟ. ಅದ್ರಿಂದ ಯಾರಿಗೇನು ನಷ್ಟ?" ಎಂದು ಕೇಳಿದರು. ನಾನು ಆಗ ನಕ್ಕು ಅವರನ್ನು ಕಳಿಸಿಕೊಟ್ಟೆ. ಆದರೆ ಇವತ್ತು ಬೆಳಿಗ್ಗೆ ಪೂಜೆಗೆ ಕುಳಿತಾಗಲೂ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಯಾರಿಗೇನು ನಷ್ಟ? ಒಳ್ಳೆಯ ಪ್ರಶ್ನೆ. ಅದಕ್ಕೆ ಉತ್ತರ ಕೊಡುವ ವಿದ್ವತ್ತು ನನಗಿಲ್ಲ. ಒಂದು ಕಥೆ ಗೊತ್ತಿದೆ, ಅದನ್ನು ಹೇಳುತ್ತೇನೆ.

ಕೆಂಪು ಕಲ್ಲಿನ ಗಣಿಗಳಿರುವ ಸೀಮೆಯಲ್ಲಿ ಒಬ್ಬರು ಗೌಡರು. ಹೆಸರು ದೊಡ್ಡನಗೌಡರು ಎಂದಿಟ್ಟುಕೊಳ್ಳಿ. ಎರಡು ಗಣಿ, ಕಲ್ಲಿಗೆ ಪಾಲಿಶ್ ಹಾಕುವ ಒಂದು ಫ್ಯಾಕ್ಟರಿ, ಸುತ್ತ ಹತ್ತು ಹಳ್ಳಿಯಲ್ಲಿ ಮಾತಿಗೆ ಬೆಲೆ. ಕೆಟ್ಟವರಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಕೆಟ್ಟವರ ಕಥೆ ಹೇಳಿದರೆ ನಮಗೆಲ್ಲ ಬಹಳ ಆರಾಮ. ಇದು ನನ್ನದಲ್ಲ ಎಂದುಕೊಂಡು ಕೂತು ಕೇಳಬಹುದು. ಗೌಡರು ಒಳ್ಳೆಯವರು, ಕೈಬಿಚ್ಚಿ ಕೊಡುವವರು, ಮುಂಜಾನೆ ಪೂಜೆ ತಪ್ಪಿಸದವರು. ನಿಮ್ಮಂತೆ. ನನ್ನಂತೆ.

ಅವರ ಹತ್ತಿರ ಒಂದು ಜೀಪು ಇತ್ತು. ನಾಲ್ಕೂ ಗಾಲಿಗೆ ಇಂಜಿನ್ನಿನ ಬಲ ಹೋಗುತ್ತದಲ್ಲ, ಕಲ್ಲು ಗುಡ್ಡ ಹತ್ತುತ್ತದಲ್ಲ, ಅಂಥ ಗಾಡಿ. ತಂದು ಎಂಟು ವರ್ಷವಾಗಿತ್ತು. ಅಂಥ ಗಾಡಿ ಇದ್ದವರು ಸಾಮಾನ್ಯವಾಗಿ ಏನು ಮಾಡುತ್ತಾರೆ? ದೊಡ್ಡ ಟೈರು ಹಾಕಿಸುತ್ತಾರೆ, ಮುಂದೆ ಹತ್ತು ದೀಪ ಕಟ್ಟಿಸುತ್ತಾರೆ, ಇಂಜಿನ್ ಬಿಚ್ಚಿಸಿ ಏನೇನೋ ಮಾಡಿಸುತ್ತಾರೆ. ಗೌಡರು ಅದ್ಯಾವುದನ್ನೂ ಮಾಡಿಸಿರಲಿಲ್ಲ. ಅದೇ ಅವರ ಹೆಮ್ಮೆ. ಮನೆಗೆ ಬಂದವರನ್ನೆಲ್ಲ ಜೀಪಿನ ಹತ್ತಿರ ಕರೆದುಕೊಂಡು ಹೋಗಿ, ಅದರ ಬಾನೆಟ್ ಮೇಲೆ ಕೈಯಿಟ್ಟು ಹೇಳುವರು: "ಕಂಪನಿಯಿಂದ ಬಂದಂಗನ ಐತಿ. ಒಂದು ಬೋಲ್ಟು ಬಿಚ್ಚಿಲ್ಲ. ನೂರೈದು ಹಾರ್ಸ್‌ಪವರ್."

ಗಣಿಯ ಗುಡ್ಡದ ಆಚೆ ಒಂದು ತಾಂಡಾ. ನಲವತ್ತು ಮನೆ. ತಾಂಡಾಕ್ಕೂ ಡಾಂಬರು ರಸ್ತೆಗೂ ನಡುವೆ ಒಂದು ಹಳ್ಳ. ಹಳ್ಳ ಇಳಿದರೆ ಎದುರಿಗೆ ಕಡಿದಾದ ಏರು, ಬರೀ ಬಿಡಿಗಲ್ಲು. ಅಂಬುಲೆನ್ಸ್ ಡಾಂಬರು ರಸ್ತೆಯಲ್ಲೇ ನಿಲ್ಲುತ್ತಿತ್ತು, ಕೆಳಗಿಳಿಯುತ್ತಿರಲಿಲ್ಲ. ಕಾಯಿಲೆಯವರನ್ನು, ಹೆರಿಗೆಯವರನ್ನು ತಾಂಡಾದವರು ಟ್ರ್ಯಾಕ್ಟರಿನಲ್ಲಿ ಮಲಗಿಸಿಕೊಂಡು ಹೊಲದ ದಾರಿಯಲ್ಲಿ ಸುತ್ತು ಹಾಕಿ ಆಸ್ಪತ್ರೆಗೆ ಒಯ್ಯುತ್ತಿದ್ದರು. ಒಂದೂವರೆ ತಾಸಿನ ದಾರಿ. ತ್ರಾಸಿನ ದಾರಿ, ಆದರೆ ಮುಟ್ಟಿಸುವ ದಾರಿ.

ಗೌಡರಿಗೆ ಇದನ್ನು ಕಂಡು ಮನಸ್ಸು ಕರಗಿತು. "ನನ್ನ ಜೀಪನ್ನ ತಾಂಡಾಕ್ಕ ಕೊಟ್ಟುಬಿಡ್ತೀನಿ. ಏರು ಹತ್ತಿದ್ರ ಹದಿನೈದು ಮಿನಿಟಿಗೆ ಆಸ್ಪತ್ರಿ," ಎಂದು ಎಲ್ಲರೆದುರು ಮಾತು ಕೊಟ್ಟರು. ಒಳ್ಳೆಯ ಮನಸ್ಸೇ ಅಲ್ಲವೇ? ನೋಡಿ, ಅನಾಹುತ ಶುರುವಾಗಿದ್ದು ಒಳ್ಳೆಯ ಮನಸ್ಸಿನಿಂದಲೇ.

ಜೀಪನ್ನು ಓಡಿಸುವುದಕ್ಕೆ ನೇಮಕವಾದವನು ಸೋಮಲಪ್ಪ. ಅದೇ ತಾಂಡಾದವನು, ಗೌಡರ ಗಣಿಯಲ್ಲಿ ಹನ್ನೆರಡು ವರ್ಷದಿಂದ ಟಿಪ್ಪರ್ ಓಡಿಸುತ್ತಿದ್ದವನು. ಅವನು ಒಂದು ದಿನ ಗೌಡರ ಮುಂದೆ ಬಂದು ನಿಂತ.

"ಧಣ್ಯಾರ, ಸಿಟ್ಟಾಗಬ್ಯಾಡ್ರಿ. ಜೀಪು ಕೊಡೂದು ದೊಡ್ಡ ಮಾತು. ಆದ್ರ ಅದು ಎಂಟು ವರ್ಷದ್ದು. ಆ ಏರಿನ್ಯಾಗ ಆರೇಳು ಮಂದಿ ಕುಂತ್ರ ಹತ್ತತೈತೋ ಇಲ್ಲೋ, ಒಮ್ಮೆ ಅಳತಿ ಮಾಡಿಸಿದ್ರ ಛಲೋ ಇತ್ತು. ಪ್ಯಾಟಿಯಾಗ ಡೈನೋ ಅಂತ ಮಶಿನ್ ಬಂದೈತಂತ್ರಿ. ಗಾಡಿ ಮ್ಯಾಲ ಹತ್ತಿಸಿದ್ರ ಎಷ್ಟು ಬಲ ಐತಿ ಅಂತ ಬರದು ಕೊಡ್ತಾರಂತ."

ಗೌಡರಿಗೆ ಚುಚ್ಚಿತು. ತನ್ನ ದಾನವನ್ನೇ ತೂಕಕ್ಕೆ ಹಾಕುತ್ತಾನಲ್ಲ ಇವನು ಎಂದು ಮುಖ ಬಿಗಿಯಾಯಿತು. "ಆತು ಬಿಡೋ. ಅಳತಿ ಮಾಡಿಸ್ಕೊಂಡನ ಬರ್ತೀನಿ. ನಿನ್ನ ಬಾಯಿ ಮುಚ್ಚಲಿ," ಎಂದರು. ಮರುದಿನ ತಾವೊಬ್ಬರೇ ಜೀಪು ತೆಗೆದುಕೊಂಡು ಪೇಟೆಗೆ ಹೋದರು.

ಡೈನೋ ಇದ್ದ ಗ್ಯಾರೇಜನ್ನು ನಡೆಸುತ್ತಿದ್ದವಳು ಸುನಂದಾ ಬಡಿಗೇರ ಎಂಬ ಹೆಣ್ಣುಮಗಳು. ನೀವು ಡೈನೋ ನೋಡಿರಲಿಕ್ಕಿಲ್ಲ, ಹೇಳುತ್ತೇನೆ. ನೆಲದಲ್ಲಿ ದೊಡ್ಡ ಕಬ್ಬಿಣದ ರೋಲರುಗಳು ಇರುತ್ತವೆ. ಗಾಡಿಯ ಗಾಲಿಗಳನ್ನು ಅವುಗಳ ಮೇಲೆ ನಿಲ್ಲಿಸುತ್ತಾರೆ. ಗಾಡಿಯನ್ನು ನಾಲ್ಕೂ ಕಡೆ ಬೆಲ್ಟಿನಿಂದ ನೆಲಕ್ಕೆ ಬಿಗಿಯುತ್ತಾರೆ. ಎದುರಿಗೆ ದೊಡ್ಡದೊಂದು ಫ್ಯಾನು. ಆಮೇಲೆ ಎಕ್ಸಿಲರೇಟರ್ ತುಳಿಯುತ್ತಾರೆ. ಗಾಲಿ ತಿರುಗುತ್ತದೆ, ರೋಲರ್ ತಿರುಗುತ್ತದೆ, ಗಾಡಿ ಮಾತ್ರ ನಿಂತಲ್ಲೇ ನಿಂತಿರುತ್ತದೆ. ಗಾಲಿ ರೋಲರನ್ನು ಎಷ್ಟು ಬಲದಿಂದ ತಿರುಗಿಸಿತು ಎಂಬುದು ಪರದೆಯ ಮೇಲೆ ಬರುತ್ತದೆ. ಅಲ್ಲಿ ಹೊಗಳುವವರಿಲ್ಲ, ತೆಗಳುವವರಿಲ್ಲ. ಒಂದು ಅಂಕಿ ಬರುತ್ತದೆ, ಅಷ್ಟೇ.

ಸುನಂದಾ ತಾನೇ ಸೀಟಿನಲ್ಲಿ ಕುಳಿತು ಗಾಡಿಯನ್ನು ಪೂರ್ತಿ ತುಳಿದಳು. ಇಂಜಿನ್ನಿನ ಸದ್ದು ಶೆಡ್ಡಿನ ತಗಡಿಗೆ ಹೊಡೆಯಿತು. ಗೌಡರು ಎದೆಯುಬ್ಬಿಸಿ ನಿಂತಿದ್ದರು. ಆದರೆ ಇಂಜಿನ್ ಕೂಗಿದಷ್ಟು ರೋಲರ್ ತಿರುಗಲಿಲ್ಲ. ಸುಟ್ಟ ವಾಸನೆಯೊಂದು ಎದ್ದಿತು. ಅವಳು ತಕ್ಷಣ ಕಾಲು ತೆಗೆದಳು. ಇನ್ನೊಮ್ಮೆ ಮಾಡಿದಳು, ಮತ್ತೊಮ್ಮೆ ಮಾಡಿದಳು. ಮೂರು ಸಲವೂ ಹೆಚ್ಚುಕಡಿಮೆ ಅದೇ ಅಂಕಿ. ಐವತ್ತೆಂಟು.

"ಮಶಿನ್ ಕೆಟ್ಟಿರಬೇಕು ನೋಡು ತಂಗಿ," ಎಂದರು ಗೌಡರು.

"ಮುಂಜಾಲೆ ಇದ ಮಾದರಿ ಗಾಡಿ ಬಂದಿತ್ರಿ ಗೌಡ್ರ. ಅದಕ್ಕ ಎಂಬತ್ತಾರು ಬಂತು."

"ಕಾಗದದಾಗ ನೂರೈದು ಐತಿ."

"ಕಾಗದದಾಗ ಇರೂದು ಇಂಜಿನ್ನಿಂದ್ರಿ. ಅಲ್ಲಿಂದ ಗಾಲಿಗೆ ಬರೂದ್ರಾಗ ಹದಿನೈದಿಪ್ಪತ್ತು ಕಡಿಮಿ ಆಗತೈತಿ. ಎಲ್ಲಾ ಗಾಡಿದೂ ಹಂಗ. ನಿಮ್ಮದು ಎಂಬತ್ತೈದು ಬಂದಿದ್ರ ನಾ ಛಲೋ ಐತಿ ಅಂತಿದ್ದೆ. ಐವತ್ತೆಂಟು ಅಂದ್ರ ಒಳಗ ರೋಗ ಐತಿ."

"ಏ, ಒಂದು ಬೋಲ್ಟು ಬಿಚ್ಚಿಲ್ಲ ಇದರದ್ದು. ಯಾರೂ ಕೈ ಹಚ್ಚಿಲ್ಲ."

ಸುನಂದಾ ಬಟ್ಟೆಯಿಂದ ಕೈ ಒರೆಸಿಕೊಂಡು ಹೇಳಿದಳು: "ಕೈ ಹಚ್ಚಿಲ್ಲ, ಅದಕ್ಕ ಹಿಂಗಾಗೈತ್ರಿ. ಕ್ಲಚ್ ಪ್ಲೇಟ್ ಸವದು ಜಾರಾಕತ್ತೈತಿ. ಇಂಜಿನ್ ತಿರಗತೈತಿ, ಗಾಲಿಗೆ ಬಲ ಮುಟ್ಟವಲ್ದು. ಗಾಳಿ ಹೋಗೂ ಪೈಪೂ ಸೀಳೈತಿ. ನಾಕು ದಿನ ಇಲ್ಲಿ ಬಿಡ್ರಿ, ಬಿಚ್ಚಿ ಮಾಡಿ ಕೊಡ್ತೀನಿ."

ನಾಲ್ಕು ದಿನ. ತಾಂಡಾಕ್ಕೆ ಜೀಪು ಒಪ್ಪಿಸುವ ಕಾರ್ಯಕ್ರಮ ಇದ್ದದ್ದು ನಾಡಿದ್ದು. ಆಮಂತ್ರಣ ಪತ್ರಿಕೆ ಹಂಚಿ ಆಗಿತ್ತು, ತಾಂಡಾದ ಶಾಲೆಯ ಮುಂದೆ ಪೆಂಡಾಲು ಹಾಕಿ ಆಗಿತ್ತು. ಮುಂದೂಡಿದರೆ ಜನ ಯಾಕೆ ಎಂದು ಕೇಳುತ್ತಾರೆ. ಯಾಕೆ ಎಂದರೆ ಏನು ಹೇಳುವುದು? ಎಂಟು ವರ್ಷ ಬಾನೆಟ್ ಮೇಲೆ ಕೈಯಿಟ್ಟು ಹೇಳಿದ ಮಾತು ಏನಾಗುವುದು?

"ಬ್ಯಾಡ, ಆಮ್ಯಾಲ ತರ್ತೀನಿ," ಎಂದರು.

"ಬಯಲಾಗ ಓಡಸ್ರಿ, ಏನೂ ಆಗೂದಿಲ್ಲ. ಒಬ್ಬಿಬ್ಬರಿದ್ರ ಏರೂ ಹತ್ತಬೌದು. ಆದ್ರ ಮಂದಿ ತುಂಬ್ಕೊಂಡು ಏರು ಹತ್ತಿಸಬ್ಯಾಡ್ರಿ. ಓಡಸಾವ್ರಿಗೆ ಇದನ್ನ ಮರೀದ ಹೇಳ್ರಿ ಗೌಡ್ರ."

"ಹೇಳ್ತೀನಿ," ಎಂದರು ಗೌಡರು. ಅವಳು ಕೊಟ್ಟ ಚೀಟಿಯನ್ನು ದಾರಿಯಲ್ಲಿ ಹರಿದು ಕಿಟಕಿಯಿಂದ ಹೊರಗೆ ಬಿಟ್ಟರು.

ಊರಿಗೆ ಬಂದಾಗ ಸೋಮಲಪ್ಪ ಗಣಿಯ ಬಾಗಿಲಲ್ಲೇ ಕಾಯುತ್ತಿದ್ದ. "ಎಷ್ಟು ತೋರಿಸ್ತ್ರಿ ಧಣ್ಯಾರ?"

ಗೌಡರು ಹೇಳಿದರು: "ಕಾಗದದಾಗ ಇದ್ದಷ್ಟ ಬಂತು."

ಶರಣರೇ, ಇಡೀ ಕಥೆಯಲ್ಲಿ ಗೌಡರು ಹೇಳಿದ ಸುಳ್ಳು ಇದೊಂದೇ. ಮೂರು ಶಬ್ದ. ಯಾರ ಮನೆಯನ್ನೂ ಕಸಿಯಲಿಲ್ಲ, ಯಾರ ಮೇಲೂ ಕೈಯೆತ್ತಲಿಲ್ಲ. ತನ್ನದರ ಬಗ್ಗೆ ಒಂದೀಟು ಹೆಚ್ಚು ಹೇಳಿದರು. ಅಷ್ಟೇ.

ಕಾರ್ಯಕ್ರಮ ಚೆನ್ನಾಗಿ ಆಯಿತು. ಜೀಪಿಗೆ ಹೂವಿನ ಹಾರ, ಗೌಡರಿಗೆ ಶಾಲು. ಇಪ್ಪತ್ತು ದಿನ ಜೀಪು ಓಡಾಡಿತು. ಒಬ್ಬರನ್ನೋ ಇಬ್ಬರನ್ನೋ ಕೂರಿಸಿಕೊಂಡು ಏರನ್ನೂ ಹತ್ತಿತು. ಸೋಮಲಪ್ಪನಿಗೆ ಒಂದೆರಡು ಸಲ ಸುಟ್ಟ ವಾಸನೆ ಬಂತು. ಅವನು ಹಳೆಯ ಡ್ರೈವರು, ಅನುಮಾನ ಬರಬೇಕಿತ್ತು. ಬಂದಿತ್ತು ಕೂಡ. ಆದರೆ ಅಳತೆ ಮಾಡಿಸಿ ಬಂದವರು ಧಣಿಗಳು. ಧಣಿಗಳ ಮಾತಿನ ಎದುರು ತನ್ನ ಮೂಗನ್ನೇ ಅವನು ನಂಬಲಿಲ್ಲ.

ಇಪ್ಪತ್ತೊಂದನೆಯ ದಿನ ಬೆಳಿಗ್ಗೆ ಹತ್ತರ ಸುಮಾರಿಗೆ ಮೋತಿಬಾಯಿ ಎಂಬ ಹೆಣ್ಣುಮಗಳಿಗೆ ಹೆರಿಗೆ ನೋವು ಬಂತು. ಮೊದಲನೆಯ ಬಸಿರು. ಆಕೆಯ ಗಂಡ ಠಾಕರಪ್ಪ ಟ್ರ್ಯಾಕ್ಟರ್ ಹೊರಡಿಸಲು ಓಡಿದ. ಸೋಮಲಪ್ಪ ಅವನನ್ನು ತಡೆದ. "ಟ್ರ್ಯಾಕ್ಟರ್ ಯಾಕೋ? ಜೀಪು ಐತಲ್ಲ. ಹದಿನೈದು ಮಿನಿಟು." ಮೋತಿಬಾಯಿ, ಠಾಕರಪ್ಪ, ಆಕೆಯ ತಾಯಿ, ಅತ್ತೆ, ಇಬ್ಬರು ಓರಗಿತ್ತಿಯರು, ಸೋಮಲಪ್ಪ. ಏಳು ಜನ.

ಹಳ್ಳ ಇಳಿದರು. ಏರು ಹತ್ತತೊಡಗಿದರು. ಅರ್ಧ ಏರು ಹತ್ತುವವರೆಗೆ ಸರಿಯಾಗಿಯೇ ಇತ್ತು. ಆಮೇಲೆ ಇಂಜಿನ್ ಒಮ್ಮೆಲೇ ಜೋರಾಗಿ ಕೂಗಿತು, ಗಾಡಿ ಮಾತ್ರ ನಿಂತಿತು. ಸೋಮಲಪ್ಪ ಇನ್ನೂ ತುಳಿದ. ಕೂಗು ಹೆಚ್ಚಾಯಿತು, ಗಾಲಿ ತಿರುಗಲಿಲ್ಲ. ಜೀಪು ಹಿಂದಕ್ಕೆ ಜಾರಿತು. ಬ್ರೇಕು ಒತ್ತಿದರೆ ಗಾಲಿ ನಿಂತಿತು, ಗಾಲಿಯ ಕೆಳಗಿನ ಬಿಡಿಗಲ್ಲು ನಿಲ್ಲಲಿಲ್ಲ. ಎಡಕ್ಕೆ ಇಪ್ಪತ್ತು ಅಡಿ ಕಮರಿ, ಬಲಕ್ಕೆ ಬಂಡೆ. ಸೋಮಲಪ್ಪ ಕೂತದ್ದು ಬಲಕ್ಕೆ. ಅವನು ಒಂದು ಗಳಿಗೆಯೂ ಯೋಚಿಸಲಿಲ್ಲ. ತನ್ನ ಕಡೆಯನ್ನೇ ಬಂಡೆಗೆ ಕೊಟ್ಟ. ಜೀಪು ಉಜ್ಜುತ್ತಾ ಹೋಗಿ ನಿಂತಿತು. ಬಾಗಿಲಿಗೂ ಬಂಡೆಗೂ ನಡುವೆ ಅವನ ಬಲಗೈ ಸಿಕ್ಕಿತ್ತು.

ಮೋತಿಬಾಯಿಯನ್ನು ಕಂಬಳಿಯಲ್ಲಿ ಹೊತ್ತುಕೊಂಡು ಏರು ಹತ್ತಿಸಿದರು. ಗಣಿಯ ಕೆಲಸಗಾರರು ಕೂಗು ಕೇಳಿ ಓಡಿ ಬಂದರು. ಎಲ್ಲ ಸೇರಿ ಡಾಂಬರು ರಸ್ತೆಗೆ ತಂದು, ಅಂಬುಲೆನ್ಸ್ ಬರುವವರೆಗೆ ಕಾದು, ಆಸ್ಪತ್ರೆ ಮುಟ್ಟಿಸುವಾಗ ಎರಡು ತಾಸಿಗೂ ಹೆಚ್ಚಾಗಿತ್ತು. ತಾಯಿ ಉಳಿದಳು. ಕೂಸು ಉಳಿಯಲಿಲ್ಲ. ಸೋಮಲಪ್ಪನ ಕೈಯನ್ನು ಮೊಳಕೈಯಿಂದ ಕೆಳಗೆ ತೆಗೆಯಬೇಕಾಯಿತು.

ಇಲ್ಲಿಗೆ ಕಥೆ ಮುಗಿಯಿತು ಎಂದುಕೊಂಡಿರಾ? ಇಲ್ಲ. ಗೌಡರ ನಿಜವಾದ ಪರೀಕ್ಷೆ ಇಲ್ಲಿಂದ ಶುರು.

ಪೊಲೀಸರು ಬಂದು ನೋಡಿ ಬರೆದುಕೊಂಡರು: ಹೆಚ್ಚು ಜನರನ್ನು ಹತ್ತಿಸಿದ್ದು, ಚಾಲಕನ ನಿಷ್ಕಾಳಜಿ. ತಾಂಡಾದವರೂ ಅದನ್ನೇ ಹೇಳಿದರು. ಟಿಪ್ಪರ್ ಓಡಿಸುವವನಿಗೆ ಜೀಪು ಕೊಟ್ಟರೆ ಇನ್ನೇನಾಗುತ್ತದೆ ಎಂದರು. ಟ್ರ್ಯಾಕ್ಟರ್ ಬೇಡ ಎಂದವನು ಅವನೇ ಅಲ್ಲವೇ ಎಂದರು. ಠಾಕರಪ್ಪ ಮತ್ತು ಸೋಮಲಪ್ಪ ಒಂದೇ ಓಣಿಯಲ್ಲಿ ಆಡಿ ಬೆಳೆದವರು. ಠಾಕರಪ್ಪ ಅವನನ್ನು ನೋಡಲು ಆಸ್ಪತ್ರೆಗೆ ಹೋಗಲಿಲ್ಲ. ಗೌಡರು? ಗೌಡರು ಆಸ್ಪತ್ರೆಯ ಖರ್ಚನ್ನೆಲ್ಲ ತಾವೇ ನೋಡಿಕೊಂಡರು. ಜನ ಕೈಮುಗಿದರು. ಇಂಥ ಧಣಿ ಯಾರಿಗೆ ಸಿಗುತ್ತಾರೆ ಎಂದರು. ಆ ನಮಸ್ಕಾರವನ್ನು ಗೌಡರು ನಿಂತು ಸ್ವೀಕರಿಸಿದರು. ಯೋಚಿಸಿ ನೋಡಿ. ಸುಳ್ಳು ಹೇಳಿದವರಿಗೆ ನಮಸ್ಕಾರ, ಸುಳ್ಳನ್ನು ನಂಬಿದವನಿಗೆ ಕಳಂಕ.

ಸುದ್ದಿ ಪೇಪರಿನಲ್ಲಿ ಬಂತು. ಸುನಂದಾ ಓದಿ ಫೋನು ಮಾಡಿದಳು. ಅವಳು ಬೈಯಲಿಲ್ಲ. ಒಂದೇ ಮಾತು ಕೇಳಿದಳು. "ಗೌಡ್ರ, ಆ ಡ್ರೈವರಗ ನೀವು ಹೇಳಿದ್ರಿ ಹೌದಲ್ರಿ?" ಗೌಡರು ಫೋನು ಇಟ್ಟುಬಿಟ್ಟರು.

ಸಂಜೆ ಅವರು ಸೋಮಲಪ್ಪನನ್ನು ನೋಡಲು ಹೋದರು. ಅವನು ಹಾಸಿಗೆಯಲ್ಲಿ ಎದ್ದು ಕೂರಲು ಹೋದ, ಕೈಯೂರಲು ಹೋಗಿ ಕೈ ಇಲ್ಲವೆಂದು ನೆನಪಾಗಿ ಹಾಗೆಯೇ ಒರಗಿದ. ಕಣ್ಣಲ್ಲಿ ನೀರು ತುಂಬಿಕೊಂಡು ಹೇಳಿದ: "ಧಣ್ಯಾರ, ಗಾಡಿಗೆ ಬಲ ಇತ್ರಿ. ನನಗ ಹೊಡಿಯಾಕ ಬರಲಿಲ್ಲ. ಒಂದು ಕೂಸಿನ ಜೀವ ತಗೊಂಡೆ, ನಿಮ್ಮ ಹೆಸರೂ ಕೆಡಿಸಿದೆ. ನನ್ನ ತಪ್ಪನ್ನ ಹೊಟ್ಟಿಯಾಗ ಹಾಕ್ಕೋರಿ."

ಗೌಡರು ಬಾಗಿಲ ಕಡೆ ತಿರುಗಿದರು. ಹೊರಗೆ ಬಂದು ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಳಿತುಬಿಟ್ಟರು. ಮೂರು ದಿನ ಊಟ ಸೇರಲಿಲ್ಲ. ನಿಜ ಸಂಗತಿ ಯಾರಿಗೂ ಗೊತ್ತಿಲ್ಲ, ಪೇಟೆಯ ಸುನಂದಾ ಒಬ್ಬಳಿಗೆ ಬಿಟ್ಟು. ಅವಳು ಇಷ್ಟು ದೂರ ಬಂದು ಹೇಳುವವಳಲ್ಲ. ಸುಮ್ಮನಿದ್ದರೆ ಮುಗಿಯಿತು. ಸುಮ್ಮನಿರುವುದು ಎಷ್ಟು ಸುಲಭ ನೋಡಿ.

ನಾಲ್ಕನೆಯ ದಿನ ಮತ್ತೆ ಆಸ್ಪತ್ರೆಗೆ ಹೋದರು. ಸೋಮಲಪ್ಪನ ಪಕ್ಕದಲ್ಲಿ ಕುಳಿತು ಹೇಳಿದರು. "ಸೋಮಲಪ್ಪ, ಮಶಿನ್ನಿನ್ಯಾಗ ಐವತ್ತೆಂಟು ಬಂದಿತ್ತು. ಕ್ಲಚ್ ಜಾರತೈತಿ, ಮಂದಿ ತುಂಬ್ಕೊಂಡು ಏರು ಹತ್ತಿಸಬ್ಯಾಡ್ರಿ ಅಂತ ಆ ಹೆಣ್ಮಗಳು ಹೇಳಿದ್ಲು. ನಾ ನಿನಗ ಹೇಳಲಿಲ್ಲ. ನನ್ನ ಮಾತು ಸುಳ್ಳಾಗ್ತಿತ್ತು ಅಂತ ಹೇಳಲಿಲ್ಲ."

ಸೋಮಲಪ್ಪ ಗೋಡೆಯ ಕಡೆ ಮುಖ ತಿರುಗಿಸಿದ. ಆಮೇಲೆ, ಮುಖ ತಿರುಗಿಸದೆಯೇ ಹೇಳಿದ: "ಇದನ್ನ ನನಗೊಬ್ಬಗ ಹೇಳಿದ್ರ ಆಗೂದಿಲ್ರಿ. ತಾಂಡಾಕ್ಕ ಹೋಗಿ ಹೇಳ್ರಿ."

ಗೌಡರು ಹೋದರು. ಇಲ್ಲಿ ಅವರಿಗೆ ನಾನು ತಲೆಬಾಗುತ್ತೇನೆ. ಶಾಲು ಹೊದಿಸಿಕೊಂಡ ಅದೇ ಶಾಲೆಯ ಮುಂದೆ, ಅದೇ ಜನರ ಎದುರು ನಿಂತು, ಒಂದು ಮಾತೂ ಬಿಡದೆ ಹೇಳಿದರು. ಕೊನೆಗೆ ಕೈಮುಗಿದು ತಲೆ ತಗ್ಗಿಸಿ ನಿಂತರು. ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ಠಾಕರಪ್ಪ ಎದ್ದು ಮುಂದೆ ಬಂದ. ಹೊಡೆಯುತ್ತಾನೆ ಎಂದುಕೊಂಡರು ಎಲ್ಲರೂ. ಅವನು ಹೊಡೆಯಲಿಲ್ಲ.

"ಗೌಡ್ರ, ನಿಮ್ಮ ಜೀಪಿಗೆ ಬಲ ಇಲ್ಲ ಅಂತ ನಾವೇನು ನಗತಿದ್ದಿಲ್ರಿ," ಎಂದ. "ನೀವು ಹೇಳಿದ್ರ ನಾವು ಟ್ರ್ಯಾಕ್ಟರ್ ಹೊರಡಿಸ್ತಿದ್ವಿ. ಅಷ್ಟ."

ಇಷ್ಟು ಹೇಳಿ ಅವನು ಮನೆಗೆ ಹೋಗಿ ಬಾಗಿಲು ಹಾಕಿಕೊಂಡ.

ಆಮೇಲೆ ಗೌಡರು ಠಾಣೆಗೆ ಹೋಗಿ ತಮ್ಮ ಕೈಯಾರೆ ಬರೆದುಕೊಟ್ಟರು. ಕೇಸು ಅವರ ಮೇಲೆ ತಿರುಗಿತು, ಕೋರ್ಟಿಗೆ ಅಲೆದರು, ಶಿಕ್ಷೆಯನ್ನೂ ಅನುಭವಿಸಿದರು. ಸೋಮಲಪ್ಪನ ಹೆಸರಿಗೆ ಅಂಟಿದ ಕಳಂಕ ಹೋಯಿತು. ಕೈ ಬರಲಿಲ್ಲ. ಜೀಪನ್ನು ಬಿಚ್ಚಿ ರಿಪೇರಿ ಮಾಡಿಸಿದರು. ಮತ್ತೆ ಡೈನೋ ಮೇಲೆ ನಿಲ್ಲಿಸುವಾಗ ತಾಂಡಾದ ನಾಲ್ಕು ಜನ ಜೊತೆಗೆ ಹೋಗಿ ಪರದೆಯ ಮುಂದೆಯೇ ನಿಂತರು. ಎಂಬತ್ತನಾಲ್ಕು ಬಂತು. ಆದರೂ ಆ ಏರಿಗೆ ಐದು ಜನರಿಗಿಂತ ಹೆಚ್ಚು ಬೇಡ ಎಂದು ಸುನಂದಾ ಹೇಳಿದಳು, ಐದೇ ಎಂದು ಅವರು ಒಪ್ಪಿಕೊಂಡರು. ಠಾಕರಪ್ಪ ಗೌಡರನ್ನು ಕ್ಷಮಿಸಿದನೇ? ನನಗೆ ಗೊತ್ತಿಲ್ಲ. ಕ್ಷಮಿಸಿದ ಎಂದು ಹೇಳಿದರೆ ನಿಮಗೂ ನನಗೂ ಸಮಾಧಾನವಾಗುತ್ತದೆ. ಆದರೆ ಗೊತ್ತಿಲ್ಲದ್ದನ್ನು ಹೇಳಬಾರದು. ಸೋಮಲಪ್ಪನ ಜೊತೆ ಮಾತ್ರ ಅವನು ಮತ್ತೆ ಮಾತಾಡಿದ. ಅಷ್ಟು ಗೊತ್ತು.

ಈಗ ಹೇಳಿ. ನಮ್ಮ ಬಗ್ಗೆ ನಾವು ಒಂದೀಟು ಹೆಚ್ಚು ಹೇಳಿಕೊಂಡರೆ ಯಾರಿಗೇನು ನಷ್ಟ?

ನಾನು ನೂರೈದು ಎಂದು ಹೇಳಿದರೆ ಅದು ಬರೀ ಬಾಯಿಮಾತಾಗಿ ಉಳಿಯುವುದಿಲ್ಲ ಶರಣರೇ. ಅದನ್ನು ನಂಬಿ ಯಾರೋ ತಮ್ಮ ಭಾರವನ್ನು ತಂದು ನನ್ನ ಮೇಲೆ ಇಡುತ್ತಾರೆ. ತಮ್ಮ ಹತ್ತಿರ ಇದ್ದ ಟ್ರ್ಯಾಕ್ಟರನ್ನು ಬಿಟ್ಟು ಬರುತ್ತಾರೆ. "ಮಗಳ ಮದುವಿ ನನಗ ಬಿಡು, ನಾ ನಿಂತು ಮಾಡ್ತೀನಿ" ಎಂದು ತಂಗಿಗೆ ಹೇಳಿದಿರಲ್ಲ, ಆಕೆ ಬೇರೆ ಯಾರನ್ನೂ ಕೇಳಲಿಲ್ಲ. ಎದೆ ನೋವು ಬಂದಾಗ "ಏನಿಲ್ಲ, ಡಾಕ್ಟರು ಆರಾಮ ಇದೀರಿ ಅಂದ್ರು" ಎಂದು ಹೆಂಡತಿಗೆ ಹೇಳಿದಿರಲ್ಲ, ಆಕೆ ನಿಶ್ಚಿಂತೆಯಾಗಿ ತವರಿಗೆ ಹೋದಳು. ನೀವು ಸಣ್ಣವರಾಗಬಾರದೆಂದು ಆಡಿದ ಮಾತಿನ ಮೇಲೆ ಇನ್ನೊಬ್ಬರ ಬದುಕು ಕುಳಿತಿರುತ್ತದೆ. ನೀವು ಜಾರಿದಾಗ ಮೊದಲು ಪೆಟ್ಟು ಬೀಳುವುದು ನಿಮಗಲ್ಲ.

ಇನ್ನೊಂದು ಮಾತು. "ನಾ ಮೊದಲು ಹೆಂಗಿದ್ನೋ ಹಂಗ ಅದೀನಿ" ಎನ್ನುವವರು ನಮ್ಮಲ್ಲಿ ಬಹಳ ಜನ. ಇಪ್ಪತ್ತು ವರ್ಷದಿಂದ ಮಠಕ್ಕೆ ಬರುತ್ತೇನೆ, ಬದಲಾಗಿಲ್ಲ ಎನ್ನುತ್ತಾರೆ. ಯಾರೂ ಕೈ ಹಚ್ಚದಿದ್ದರೂ ಸವೆಯುವುದು ಸವೆಯುತ್ತಲೇ ಇರುತ್ತದೆ. ತಾಳ್ಮೆ ಸವೆಯುತ್ತದೆ, ಕರುಣೆ ಸವೆಯುತ್ತದೆ. ಒಳಗೆ ಮಂತ್ರ ತಿರುಗುತ್ತಲೇ ಇರುತ್ತದೆ, ಕೈಕಾಲಿಗೆ ಬರುವುದಿಲ್ಲ. ನನ್ನದನ್ನೇ ಹೇಳುತ್ತೇನೆ, ಮುಚ್ಚಿಡುವುದೇಕೆ. ಹೋದ ವರ್ಷ ಒಬ್ಬ ತಾಯಿ ಸಾಯುವ ಮುಂಚೆ ನನ್ನನ್ನು ನೋಡಬೇಕೆಂದು ಹೇಳಿ ಕಳಿಸಿದ್ದರು. ಬಂದೇ ಬರುತ್ತೇನೆ ಎಂದೆ. ಮೈಯಲ್ಲಿ ಶಕ್ತಿ ಇರಲಿಲ್ಲ, ನನಗೆ ಗೊತ್ತಿತ್ತು. ಆಗುವುದಿಲ್ಲ ಎನ್ನಲು ಸ್ವಾಮಿಗೆ ನಾಚಿಕೆ. ಆ ತಾಯಿ ಮೂರು ದಿನ ಬಾಗಿಲು ನೋಡಿದರಂತೆ. ಬರಲಾಗುವುದಿಲ್ಲ ಎಂದಿದ್ದರೆ ಯಾರಾದರೂ ಫೋನಿನಲ್ಲಿ ನನ್ನ ದನಿಯನ್ನಾದರೂ ಕೇಳಿಸುತ್ತಿದ್ದರು.

ಅದಕ್ಕೇ ಇವತ್ತು ನಿಮ್ಮನ್ನು ಹೆಚ್ಚೇನೂ ಕೇಳುವುದಿಲ್ಲ. ಮನೆಗೆ ಹೋಗಿ, ಊಟಕ್ಕೆ ಕೂರುವ ಮುಂಚೆ, ನಿಮ್ಮ ಜೊತೆ ಬದುಕುವ ಒಬ್ಬರನ್ನು ಎದುರಿಗೆ ಕೂರಿಸಿಕೊಳ್ಳಿ. ಹೆಂಡತಿಯೋ, ಗಂಡನೋ, ಸೊಸೆಯೋ, ಅಂಗಡಿಯಲ್ಲಿ ದುಡಿಯುವವರೋ. "ನಾನು ಹೇಳಿಕೊಳ್ಳುವಷ್ಟು ಇದ್ದೇನೆಯೇ?" ಎಂದು ಕೇಳಿ. ಅವರು ಏನೇ ಹೇಳಲಿ, ತಿರುಗಿ ಉತ್ತರ ಕೊಡಬೇಡಿ. ಕೇಳಿಸಿಕೊಳ್ಳಿ, ಅಷ್ಟೇ. ಆಮೇಲೆ ನಿಮ್ಮ ಕೈಲಾಗದ ಒಂದು ಕೆಲಸವನ್ನು, ಆಗುತ್ತದೆ ಎಂದು ಯಾರಿಗೋ ಹೇಳಿಟ್ಟಿರುವ ಒಂದು ಕೆಲಸವನ್ನು ನೆನಪು ಮಾಡಿಕೊಳ್ಳಿ. ನಾಳೆ ಸೂರ್ಯ ನೆತ್ತಿಗೆ ಬರುವುದರೊಳಗೆ ಅವರ ಮನೆಗೆ ಹೋಗಿ. "ಇದು ನನ್ನಿಂದ ಆಗುವುದಿಲ್ಲ, ಬೇರೆ ದಾರಿ ನೋಡಿಕೊಳ್ಳಿ, ನಾನೂ ಜೊತೆಗೆ ಹುಡುಕುತ್ತೇನೆ" ಎಂದು ಹೇಳಿ. ನಾಲಿಗೆ ಏಳುವುದಿಲ್ಲ, ನನಗೆ ಗೊತ್ತು. ಆದರೂ ಹೇಳಿ. ಅವರಿಗೆ ಇನ್ನೂ ಸಮಯ ಇರುವಾಗಲೇ ಹೇಳಿ.